ಐದು ಪದ, ಒಂದು ವಾಕ್ಯ: ಪದಗಳನ್ನು ಆರಿಸಬೇಡಿ, ಚೀಟಿ ಎತ್ತಿ

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾಯಿತೆಂದರೆ ನಮ್ಮ ಕೊಡಗು ಜಿಲ್ಲೆಯ ಶಾಲೆಗಳಿಗೆ ರಜೆಯ ಮೇಲೆ ರಜೆ. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಮೊಬೈಲ್ ಸಿಗ್ನಲ್ಲೂ ಅದರ ಹಿಂದೆಯೇ ಹೋಗುತ್ತದೆ. ಮನೆಯೊಳಗೆ ಉಳಿದ ಮಕ್ಕಳಿಗೆ ಹೇಳಿ ಮಾಡಿಸಿದಂಥ ಆಟವೊಂದಿದೆ. ನಿಘಂಟನ್ನು ಎಲ್ಲೆಂದರಲ್ಲಿ ತೆರೆದು, ಸಿಕ್ಕ ನಾಲ್ಕೈದು ಪದಗಳನ್ನೂ ಸೇರಿಸಿ, ಅರ್ಥವುಳ್ಳ ಒಂದೇ ಒಂದು ವಾಕ್ಯ ಕಟ್ಟುವುದು. ರಾಜ್ಯೋತ್ಸವದ ಹೊತ್ತಿಗೆ ಶಾಲೆಗಳಲ್ಲಿ, ಸಂಘಗಳಲ್ಲಿ ನಡೆಸುವ ಪದ ಕೊಟ್ಟು ವಾಕ್ಯ ಬರೆಸುವ ಸ್ಪರ್ಧೆಯೂ ಇದೇ ಆಟದ ಒಂದು ರೂಪ. ಆದರೆ ಅಲ್ಲಿ ಪದಗಳನ್ನು ನಡೆಸುವವರೇ ಆರಿಸಿ ತಂದಿರುತ್ತಾರೆ: ಮಳೆ, ಕೊಡೆ, ಹೊಳೆ, ದೋಣಿ. ಈ ನಾಲ್ಕನ್ನು ಸೇರಿಸಲು ಮಗು ಯೋಚಿಸಬೇಕಾದ್ದೇನೂ ಇಲ್ಲ, ಅವು ಮೊದಲೇ ಸೇರಿಕೊಂಡಿವೆ. ಮಕ್ಕಳಿಗೆ ಕಷ್ಟವಾದೀತೆಂಬ ಕರುಣೆಯಿಂದ ಹೀಗೆ ಮಾಡುತ್ತಾರೆಂದು ಬಲ್ಲೆವು. ಅದರಿಂದ ಆಟದ ಜೀವವೇ ಹೋಗುತ್ತದೆ. ಸಂಬಂಧವಿಲ್ಲದ ಪದಗಳ ನಡುವೆ ಸಂಬಂಧ ಹುಡುಕುವುದೇ ಇಲ್ಲಿನ ಕೆಲಸ. ಆದ್ದರಿಂದ ಪದಗಳನ್ನು ಯಾರೂ ಆರಿಸಬಾರದು, ಚೀಟಿಯೇ ಆರಿಸಬೇಕು.

ಇದು ಹೊರಗಿನಿಂದ ಬಂದ ಆಟವೇನಲ್ಲ. ಶತಾವಧಾನಿ ಆರ್. ಗಣೇಶರಿಂದಾಗಿ ಕನ್ನಡದಲ್ಲಿ ಮತ್ತೆ ಬೆಳಕಿಗೆ ಬಂದ, ಸವಾಲುಗಳಿಗೆ ನಿಂತಲ್ಲೇ ಪದ್ಯ ಕಟ್ಟಿ ಉತ್ತರಿಸುವ ಅವಧಾನ ಕಲೆಯಲ್ಲಿ ‘ದತ್ತಪದಿ’ ಎಂಬ ಅಂಗವಿದೆ. ಪೃಚ್ಛಕರು, ಅಂದರೆ ಸವಾಲು ಒಡ್ಡುವವರು, ನಾಲ್ಕು ಪದ ಕೊಡುತ್ತಾರೆ, ಅವು ಬೇರೆ ಭಾಷೆಯವೂ ಆಗಿರಬಹುದು. ಆ ಪದಗಳಿಗೆ ಸಂಬಂಧವೇ ಇಲ್ಲದ ವಿಷಯವೊಂದನ್ನು ಹೇಳಿ, ಪಾದಕ್ಕೊಂದು ಪದದಂತೆ ಸೇರಿಸಿ ಪದ್ಯ ಕಟ್ಟಿರೆನ್ನುತ್ತಾರೆ. ಅವಧಾನಿ ಸಂಧಿಯ ನೆರವಿನಿಂದ ಆ ಪದವನ್ನು ಇನ್ನೊಂದು ಪದದ ಹೊಟ್ಟೆಯಲ್ಲಿ ಅಡಗಿಸುವುದೂ ಉಂಟು. ‘ಕಾರು’ ಕೊಟ್ಟರೆ ಅದು ‘ಕಾರುಣ್ಯ’ದೊಳಗೆ ಹೋಗಿ ಕೂರುತ್ತದೆ. ನಾವು ಹೇಳುವ ಆಟದಲ್ಲಿ ಛಂದಸ್ಸಿಲ್ಲ, ಅಡಗಿಸಲು ಅವಕಾಶವೂ ಇಲ್ಲ. ಪದ ಬಂದ ಅರ್ಥದಲ್ಲೇ ವಾಕ್ಯದೊಳಗೆ ಇರಬೇಕು. ಪದಗಳನ್ನು ಆಕಸ್ಮಿಕಕ್ಕೆ ಬಿಡುವ ಆಟಗಳು ಹೊರದೇಶಗಳಲ್ಲೂ ಇವೆ. 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕವಿಗಳು ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದಂತೆ ಕಾಗದ ಮಡಚಿ ವಾಕ್ಯ ಬೆಳೆಸುತ್ತಿದ್ದರು. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ ಒಂದಕ್ಕೊಂದು ದೂರವಾದ ಎರಡೇ ಪದಗಳಿಂದ ಮಕ್ಕಳ ಕೈಲಿ ಕಥೆ ಹುಟ್ಟಿಸುತ್ತಿದ್ದರು. ಪ್ಯಾರಿಸ್ಸಿನವರಿಗೆ ಬೇಕಿದ್ದದ್ದು ಅಸಂಗತ, ನಮಗೆ ಬೇಕಾದ್ದು ಅರ್ಥ. ಆ ವ್ಯತ್ಯಾಸವನ್ನು ಮರೆತರೆ ಆಟ ಬರೀ ನಗೆಯಾಟವಾಗಿ ಹತ್ತು ನಿಮಿಷಕ್ಕೆ ಬೇಸರ ತರಿಸುತ್ತದೆ.

ಮೊದಲು ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಬೃಹತ್ ನಿಘಂಟು ಈ ಕೆಲಸಕ್ಕೆ ಬೇಡ. ಅದರಲ್ಲಿ ಶಾಸನ, ಕಾವ್ಯಗಳ ಪ್ರಯೋಗವೆಲ್ಲ ಸೇರಿ ಒಂದೊಂದು ಪದವೇ ಅರ್ಧ ಪುಟ ನುಂಗುವುದುಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳಿರುವ ಕಿಟ್ಟೆಲ್ ನಿಘಂಟು ದೊಡ್ಡವರ ಕೂಟಕ್ಕೆ ಒಳ್ಳೆಯದು. ಕಿಟ್ಟೆಲ್ ಕೆಲಸ ಮಾಡಿದ ಊರುಗಳಲ್ಲಿ ನಮ್ಮ ಮಡಿಕೇರಿಯೂ ಒಂದು ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಆ ನಿಘಂಟಿನಲ್ಲಿ ಅರ್ಥ ಇಂಗ್ಲಿಷಿನಲ್ಲಿರುವುದರಿಂದ ಮಕ್ಕಳ ಕೈಗೆ ಕೊಡಬೇಕಾದ್ದು ಒಂದೇ ಸಂಪುಟದ ಸಂಕ್ಷಿಪ್ತ ಕನ್ನಡ–ಕನ್ನಡ ನಿಘಂಟು. ಪದದ ಮುಂದೆ ನಾಮಪದವೋ ಕ್ರಿಯಾಪದವೋ ಗುಣವಾಚಕವೋ ಎಂದು ಸೂಚಿಸುವ ‘ನಾ’, ‘ಕ್ರಿ’, ‘ಗು’ ಗುರುತು ಇದೆಯೇ ನೋಡಿಕೊಂಡು ಕೊಳ್ಳಿ. ಮೊಬೈಲಿನ ನಿಘಂಟು ಈ ಆಟಕ್ಕೆ ಒದಗುವುದಿಲ್ಲ. ಅಲ್ಲಿ ಹುಡುಕಬೇಕಾದರೆ ಪದ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಪದದ ಮೇಲೆ ಬೆರಳು ಬೀಳುವುದು ಕಾಗದದ ಪುಟದಲ್ಲಿ ಮಾತ್ರ.

ಪದ ಎತ್ತುವ ಕ್ರಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಕಣ್ಣು ಮುಚ್ಚಿ ಪುಸ್ತಕ ತೆರೆದರೆ ಆಕಸ್ಮಿಕವಾಯಿತೆಂದು ತಿಳಿಯುತ್ತಾರೆ. ಹಾಗಲ್ಲ. ಕೈ ಯಾವಾಗಲೂ ಪುಸ್ತಕದ ನಡುವಿಗೇ ಹೋಗುತ್ತದೆ, ಅದೂ ಹಿಂದೆ ತೆರೆದು ಬೆನ್ನು ಸಡಿಲಾದ ಜಾಗಕ್ಕೆ. ಕನ್ನಡ ನಿಘಂಟಿನ ನಡುವೆ ಸಿಗುವುದು ತ, ನ, ಪ ಅಕ್ಷರಗಳ ಆಸುಪಾಸು. ಒಂದು ಗಂಟೆ ಆಡಿದರೂ ‘ಅ’ ಅಥವಾ ‘ಹ’ದಿಂದ ಶುರುವಾಗುವ ಒಂದು ಪದವೂ ಬರದಿದ್ದರೆ ಆಶ್ಚರ್ಯವಿಲ್ಲ. ಇದಕ್ಕೆ ಪರಿಹಾರ ಸುಲಭ. 0ಯಿಂದ 9ರವರೆಗೆ ಅಂಕಿ ಬರೆದ ಹತ್ತು ಚೀಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಒಂದೇ ರೀತಿ ಮಡಚಿ ಡಬ್ಬಿಗೆ ಹಾಕಿ. ಮೂರು ಸಲ ಎತ್ತಿದರೆ ಮೂರಂಕಿಯ ಪುಟಸಂಖ್ಯೆ ಸಿಗುತ್ತದೆ. ಪ್ರತಿ ಸಲವೂ ಎತ್ತಿದ ಚೀಟಿಯನ್ನು ಮರಳಿ ಡಬ್ಬಿಗೆ ಹಾಕಿ ಕುಲುಕಬೇಕು. ಇಲ್ಲದಿದ್ದರೆ 33, 77, 466ರಂಥ ಪುಟಗಳು ಎಂದಿಗೂ ಬರುವುದಿಲ್ಲ. ಸಂಖ್ಯೆ ಕೊನೆಯ ಪುಟವನ್ನು ಮೀರಿದರೆ ಮೂರನ್ನೂ ಹೊಸದಾಗಿ ಎತ್ತುವುದು. ಎಡ ಅಂಕಣವೋ ಬಲ ಅಂಕಣವೋ ನಾಣ್ಯ ಚಿಮ್ಮಿ ತೀರ್ಮಾನಿಸಿ. ಮತ್ತೊಂದು ಚೀಟಿ ಎತ್ತಿ, ಮೇಲಿನಿಂದ ಅಷ್ಟನೆಯ ಪದ ತೆಗೆದುಕೊಳ್ಳಿ. ಸೊನ್ನೆ ಬಂದರೆ ಹತ್ತನೆಯದು. ಚೀಟಿಯ ಬದಲು ಎರಡು ದಾಳ ಉರುಳಿಸಿ ಕೂಡುವವರಿದ್ದಾರೆ. ಎರಡು ದಾಳ ಬೀಳುವ 36 ಬಗೆಗಳಲ್ಲಿ ಮೊತ್ತ 7 ಆಗುವುದು 6 ಬಗೆಯಲ್ಲಿ, 2 ಅಥವಾ 12 ಆಗುವುದು ಒಂದೊಂದೇ ಬಗೆಯಲ್ಲಿ, 1 ಆಗುವುದೇ ಇಲ್ಲ. ಹಾಗಾಗಿ ದಾಳವನ್ನು ನಂಬಿದರೆ ಏಳನೆಯ ಪದವೇ ಮತ್ತೆ ಮತ್ತೆ ಬರುತ್ತದೆ.

ಒಂದೇ ಪದ ಎರಡು ಸಲ ನಮೂದಾಗಿದ್ದರೆ ಬೆರಳು ಬಿದ್ದ ನಮೂದಿನ ಅರ್ಥವನ್ನೇ ಹಿಡಿಯಬೇಕು. ‘ನೆನೆ’ ಎಂದರೆ ಸ್ಮರಿಸುವುದೂ ಹೌದು, ಒದ್ದೆಯಾಗುವುದೂ ಹೌದು. ‘ಅರಸು’ ರಾಜನೂ ಹೌದು, ಹುಡುಕುವುದೂ ಹೌದು. ‘ಆಡು’ ಮೇಯುವ ಪ್ರಾಣಿ, ಆಟ, ಮಾತು ಮೂರಕ್ಕೂ ಸಲ್ಲುತ್ತದೆ. ಯಾವ ಅರ್ಥವೆಂದು ಆಟ ಶುರುವಾಗುವ ಮೊದಲು ಗಟ್ಟಿಯಾಗಿ ಓದಿ ಹೇಳದಿದ್ದರೆ ಕೊನೆಯಲ್ಲಿ ಜಗಳ ಖಂಡಿತ.

ಬರೀ ಚೀಟಿಗೆ ಬಿಟ್ಟರೆ ಇನ್ನೊಂದು ತೊಡಕಿದೆ. ನಿಘಂಟಿನಲ್ಲಿ ನಾಮಪದಗಳದೇ ಮೇಲುಗೈ. ಅದರಲ್ಲೂ ‘ಪ್ರ’, ‘ಸಂ’, ‘ನಿರ್’ ಎಂದು ಶುರುವಾಗುವ ಸಂಸ್ಕೃತ ಪದಗಳು ಪುಟಗಟ್ಟಲೆ ಇರುತ್ತವೆ. ಪ್ರಕರಣ, ಸಂಕಲ್ಪ, ನಿರ್ಣಯ, ಪ್ರಮೇಯ ಎಂಬ ನಾಲ್ಕು ಒಟ್ಟಿಗೆ ಬಂದವೆಂದರೆ ವಾಕ್ಯ ಸರ್ಕಾರಿ ಸುತ್ತೋಲೆಯ ಭಾಷೆಗೆ ಇಳಿಯುತ್ತದೆ. ಆದ್ದರಿಂದ ಐದು ಪದಗಳಲ್ಲಿ ಮೂರು ನಾಮಪದ, ಒಂದು ಕ್ರಿಯಾಪದ, ಒಂದು ಗುಣವಾಚಕ ಎಂಬ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು. ಚೀಟಿ ತೋರಿಸಿದ ಜಾಗದಿಂದ ಕೆಳಗೆ ಬರುತ್ತಾ ಬೇಕಾದ ಗುರುತಿನ ಮೊದಲ ಪದವನ್ನು ತೆಗೆದುಕೊಂಡರೆ ಆಯಿತು. ಆಗಲೂ ಆರಿಸಿದ್ದು ಚೀಟಿಯೇ. ಐದೇ ಏಕೆಂದರೆ, ಮೂರು ಪದಗಳಲ್ಲಿ ಬೆಸೆಯಬೇಕಾದ ಜೋಡಿಗಳು 3, ಐದರಲ್ಲಿ 10, ಏಳರಲ್ಲಿ 21. ಏಳಾದ ಕೂಡಲೇ ಯಾರೇ ಆದರೂ ಬೆಸೆಯುವುದನ್ನು ಬಿಟ್ಟು ಪಟ್ಟಿ ಮಾಡಲು ತೊಡಗುತ್ತಾರೆ. ನಾಲ್ಕನೇ ತರಗತಿಯ ಒಳಗಿನವರಿಗೆ ಮೂರು ಪದ, 8 ಪದಗಳ ಮಿತಿಯ ವಾಕ್ಯ ಸಾಕು. ದೊಡ್ಡವರಿಗೆ ಐದು ಪದ, ವಾಕ್ಯದ ಒಟ್ಟು ಮಿತಿ 15 ಪದ, ಸಮಯ 4 ನಿಮಿಷ. ಆಡುವವರು ನಾಲ್ಕರಿಂದ ಆರು ಮಂದಿಯಿದ್ದರೆ ಒಂದು ಸುತ್ತು ಓದಿ ಚರ್ಚಿಸಲು ಕಾಲು ಗಂಟೆ ಬೇಕು.

ಒಂದು ಸುತ್ತನ್ನು ಬಿಡಿಸಿ ನೋಡೋಣ. ಬಂದ ಪದಗಳು: ಏಣಿ (ನಾ), ಗಡುವು (ನಾ), ಮುನಿಸು (ನಾ), ಒರಗು (ಕ್ರಿ), ಮಸುಕು (ಗು). ಅವಸರದಲ್ಲಿ ಹುಟ್ಟುವ ವಾಕ್ಯ ಹೀಗಿರುತ್ತದೆ: “ಏಣಿ, ಗಡುವು, ಮುನಿಸು ಎಲ್ಲವನ್ನೂ ನೆನೆದು ಅವನು ಮಸುಕಾದ ಗೋಡೆಗೆ ಒರಗಿದ.” ಐದೂ ಇವೆ, ಆದರೆ ಮೊದಲ ಮೂರು ಬರೀ ಸಾಲಾಗಿ ನಿಂತಿವೆ, ಅವುಗಳ ಜಾಗದಲ್ಲಿ ಬೇರೆ ಯಾವ ಮೂರು ಪದ ಹಾಕಿದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ. ಪಟ್ಟಿಯನ್ನು ಗುರುತಿಸುವ ಪರೀಕ್ಷೆ ಇದೇ.

ಕ್ರಿಯಾಪದದಿಂದ ಶುರುಮಾಡಿ. ಒರಗುವುದು ಯಾವುದು? ಏಣಿ ಒರಗುತ್ತದೆ. ಯಾವುದಕ್ಕೆ? ನಮ್ಮ ಕಡೆಯಾದರೆ ಕರಿಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ. ಅಲ್ಲಿಗೆ ಎರಡು ಪದ ಗಟ್ಟಿಯಾಗಿ ಕೂತವು, ಜಾಗವೂ ಸಿಕ್ಕಿತು. ಮೆಣಸು ಕೊಯ್ಲೆಂದ ಮೇಲೆ ಗಡುವು ತಾನಾಗಿ ಬರುತ್ತದೆ. ಬೆಳಕು ಮಸುಕಾಗಿರಬಹುದು. ಈಗ ಹೀಗಾಯಿತು: “ಮೆಣಸು ಕೊಯ್ಯುವ ಗಡುವು ಮೀರಿದ ಮುನಿಸಿನಲ್ಲಿ ತೋಟದ ಯಜಮಾನ ಮಸುಕು ಬೆಳಕಿನಲ್ಲೇ ಏಣಿಯನ್ನು ಸಿಲ್ವರ್ ಮರಕ್ಕೆ ಒರಗಿಸಿದ.” ಸೊಗಸಾಗಿಯೇ ಇದೆ. ಆದರೆ ನಿಘಂಟಿನ ಅರ್ಥ ಬಲ್ಲವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ, ಎತ್ತಲೇಬೇಕು. ಕೆಲಸ ಆಗದಿದ್ದಕ್ಕೆ ಯಜಮಾನನಿಗೆ ಬರುವುದು ಕೋಪ. ಮುನಿಸು ಹತ್ತಿರದವರ ಮೇಲೆ ಬರುವಂಥದ್ದು. ಯಜಮಾನನನ್ನು ತೆಗೆದು ಅಣ್ಣತಮ್ಮಂದಿರನ್ನು ತಂದರೆ ಪದ ತನ್ನ ಜಾಗಕ್ಕೆ ಬರುತ್ತದೆ: “ಗಡುವಿಗೆ ಮೆಣಸು ಕೊಯ್ದು ಮುಗಿಸದ ತಮ್ಮನ ಮೇಲಿನ ಮುನಿಸಿಗೆ ಅಣ್ಣ ಮಸುಕು ಬೆಳಕಿನಲ್ಲೇ ಏಣಿಯನ್ನು ಸಿಲ್ವರ್ ಮರಕ್ಕೆ ಒರಗಿಸಿದ.” ಹದಿನಾಲ್ಕು ಪದ. ಈಗ ‘ಮುನಿಸು’ ತೆಗೆದರೆ ಅಣ್ಣ ಹೊತ್ತಲ್ಲದ ಹೊತ್ತಿನಲ್ಲಿ ಯಾಕೆ ಏಣಿ ಹಿಡಿದನೆಂಬುದೇ ತಿಳಿಯುವುದಿಲ್ಲ. ಪದವೊಂದು ವಾಕ್ಯಕ್ಕೆ ಬೇಕಾಗಿದೆ ಎನ್ನುವುದು ಹೀಗೆ. ಇಲ್ಲಿ ‘ಒರಗು’ ‘ಒರಗಿಸು’ ಆಗಿದೆ. ಕ್ರಿಯಾಪದಕ್ಕೆ ‘ಇಸು’ ಸೇರಿಸಿ ಪ್ರೇರಣಾರ್ಥಕ ಮಾಡುವುದಕ್ಕೆ ಅವಕಾಶ ಕೊಡಬೇಕು. ‘ಪ್ರಕಟ’ವನ್ನು ‘ಪ್ರಕಟಿಸು’ ಮಾಡಿದಂತೆ ಬೇರೆ ಪದಗಳನ್ನು ಕ್ರಿಯಾಪದವಾಗಿಸಲು ಬಿಡಬಾರದು; ಬಿಟ್ಟರೆ ಬಂದ ಪದದ ಜಾತಿಯೇ ಬದಲಾಗುತ್ತದೆ.

ತಪ್ಪಿಸಿಕೊಳ್ಳುವ ದಾರಿಗಳು ಕನ್ನಡದಲ್ಲಿ ಧಾರಾಳವಾಗಿವೆ, ಮಕ್ಕಳು ಅವನ್ನು ಎರಡೇ ಸುತ್ತಿನಲ್ಲಿ ಕಂಡುಹಿಡಿಯುತ್ತಾರೆ. “ಏಣಿ ಎಂಬ ಪದವನ್ನು ಬೋರ್ಡಿನಲ್ಲಿ ಬರೆದರು” ಎಂದರೆ ಎಂಥ ಪದವನ್ನೂ ತುರುಕಬಹುದು, ಹಾಗಾಗಿ ‘ಎಂಬ’, ‘ಎಂದು’ ಹಾಕಿ ಪದವನ್ನು ಬರೀ ಹೆಸರಿಸುವುದು ನಿಷಿದ್ಧ. “ಕನಸಿನಲ್ಲಿ” ಎಂದು ಶುರುವಾದರೆ ಏನು ಬೇಕಾದರೂ ನಡೆದುಹೋಗುತ್ತದೆ, ಅದೂ ಬೇಡ. ‘ಮತ್ತು’ ಒಂದೇ ಸಲ. ಎಲ್ಲಕ್ಕಿಂತ ದೊಡ್ಡ ಬಲೆ ನಮ್ಮ ಭೂತಕೃದಂತ. ಎದ್ದು, ಹೋಗಿ, ಕಂಡು, ಹಿಡಿದು, ತಂದು ಎಂದು ಎಷ್ಟು ದೂರ ಬೇಕಾದರೂ ಎಳೆಯಬಹುದು, ವ್ಯಾಕರಣ ತಡೆಯುವುದಿಲ್ಲ. ಒಂದು ವಾಕ್ಯಕ್ಕೆ ಇಂಥವು ಎರಡಕ್ಕಿಂತ ಹೆಚ್ಚಿರಬಾರದೆಂದು ನಿಯಮ ಮಾಡಿದ ಕೂಡಲೇ ಮಕ್ಕಳು ವಿಭಕ್ತಿಗಳ ಕಡೆ ತಿರುಗುತ್ತಾರೆ: ಏಣಿಗೆ, ಏಣಿಯಿಂದ, ಏಣಿಯ, ಏಣಿಯಲ್ಲಿ. ವಾಕ್ಯ ಬಿಗಿಯಾಗುವುದು ಆಗಲೇ. ಸಮಯವನ್ನು ಆರು ನಿಮಿಷಕ್ಕೆ ಏರಿಸಿದರೆ ಕೃದಂತಗಳ ಸರಪಳಿ ಬೆಳೆಯುತ್ತದೆ, ಎರಡಕ್ಕೆ ಇಳಿಸಿದರೆ ಪಟ್ಟಿ ಬರುತ್ತದೆ. ಉಪಮೆಯೂ ಒಂದು ಆಸರೆ. ಗೂಡು, ತೆರಿಗೆ, ನೆಂಟ, ಜಾರು ಬಂದಾಗ “ತೆರಿಗೆಯವರ ಸದ್ದಿಗೆ ಗೂಡಿಗೆ ಓಡುವ ಕೋಳಿಯಂತೆ ನೆಂಟ ಹಿತ್ತಲಿಂದ ಜಾರಿಕೊಂಡ” ಎಂದರೆ ಓದಲು ಚೆನ್ನ. ಆದರೆ ಗೂಡು ಆ ಘಟನೆಯಲ್ಲಿ ಇಲ್ಲ, ಹೋಲಿಕೆಯಲ್ಲಿದೆ. ಅಂಥ ಪದಕ್ಕೆ ಅರ್ಧ ಅಂಕ ಕೊಡುವುದು ನ್ಯಾಯ.

ಕೊಡಗಿನಲ್ಲಿ ಈ ಆಟಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ನಮ್ಮ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮನೆಮಾತಿನ ಮಕ್ಕಳಿರುತ್ತಾರೆ. ತೋಟದ ಕೆಲಸಕ್ಕೆ ದೂರದಿಂದ ಬಂದವರ ಮಕ್ಕಳೂ ಇರುತ್ತಾರೆ. ಪ್ರಬಂಧ, ಭಾಷಣಗಳಲ್ಲಿ ಕನ್ನಡ ಮನೆಮಾತಿನವರೇ ಮುಂದೆ ಹೋಗುತ್ತಾರೆ. ಈ ಆಟದಲ್ಲಿ ‘ಪ’ ಅಕ್ಷರದ ಪುಟ ಬಂದಾಗ ಲೆಕ್ಕ ತಿರುಗುತ್ತದೆ. ಹಳಗನ್ನಡದ ಪಾಲ್, ಪುಲಿ, ಪೂ ಎಂಬ ಪದಗಳು ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ ಆಗಿವೆ. ಕನ್ನಡ ಮನೆಮಾತಿನ ಮಗು ಕಣ್ಣು ಬಿಡುವಾಗ, ‘ಪಾಲ್’ ಕಂಡ ಕೊಡವ ಮಗುವೂ ಮಲಯಾಳಂ ಮಗುವೂ ಅದು ತಮ್ಮ ಮನೆಯ ಮಾತೇ ಎನ್ನುತ್ತವೆ. ‘ಪುಲಿ’ ಕಂಡ ತುಳು ಮಗುವಿಗೆ ಪಿಲಿವೇಷ ನೆನಪಾಗುತ್ತದೆ. ಹಳಗನ್ನಡದ ಪದ ಬಂದಾಗ ಅದರ ಹೊಸಗನ್ನಡ ರೂಪವನ್ನು ವಾಕ್ಯದಲ್ಲಿ ಬಳಸಲು ಅವಕಾಶ ಕೊಟ್ಟು, ರೂಪ ಗುರುತಿಸಿದವರಿಗೆ ಒಂದು ಅಂಕ ಹೆಚ್ಚು ಕೊಡಿ. ಉಲ್ಟಾ ಆಗುವುದೂ ಇದೆ. ಕೊಡವ ತಕ್ಕ್‌ನಲ್ಲಿ ‘ನರಿ’ ಎಂದರೆ ಹುಲಿ. ಹುಲಿ ಕೊಂದವನಿಗೆ ಮಾಡುತ್ತಿದ್ದ ‘ನರಿ ಮಂಗಲ’ದ ಬಗ್ಗೆ ಕೇಳಿ ಬೆಳೆದ ಮಗು ‘ನರಿ’ ಬಂದಾಗ ಕೋಣ ಹೊಡೆದ ನರಿಯ ಮೇಲೆ ವಾಕ್ಯ ಬರೆದರೆ ಅದನ್ನು ತಪ್ಪೆಂದು ಹೊಡೆದು ಹಾಕಬಾರದು. ಅರ್ಥವನ್ನು ಮೊದಲೇ ಓದಿ ಹೇಳಿದ್ದರೆ ಈ ಗೊಂದಲವೇ ಬರುತ್ತಿರಲಿಲ್ಲ. ಎರಡೂ ಅರ್ಥ ತರಗತಿಗೆ ತಿಳಿದದ್ದು ಲಾಭವೇ.

ಅಂಕ ಹೀಗೆ. ಸರಿಯಾದ ಅರ್ಥದಲ್ಲಿ ಬಳಸಿದ ಪ್ರತಿ ಪದಕ್ಕೆ 2, ಅಂದರೆ ಐದಕ್ಕೆ 10. ಪಟ್ಟಿಯಿಲ್ಲದೆ ವಾಕ್ಯ ಕೂಡಿಕೊಂಡಿದ್ದರೆ 3. ಹತ್ತು ಪದಗಳೊಳಗೆ ಮುಗಿಸಿದರೆ ಇನ್ನೂ 2. ಕರ್ತೃವಿಗೂ ಕ್ರಿಯಾಪದಕ್ಕೂ ಲಿಂಗ, ವಚನ ಹೊಂದದಿದ್ದರೆ ಒಂದು ಕಳೆಯಿರಿ; ‘ಮಕ್ಕಳು ಬಂತು’ ಎಂಬಂಥವು ಇಲ್ಲಿ ತಿದ್ದಿಕೊಳ್ಳುತ್ತವೆ. ಕಾಗುಣಿತದ ತಪ್ಪಿಗೆ ಚಿಕ್ಕ ಮಕ್ಕಳ ಅಂಕ ಕಳೆಯುವುದು ಬೇಡ, ಕಳೆದರೆ ಅವರು ಗೊತ್ತಿರುವ ಪದಗಳಿಗೇ ಅಂಟಿಕೊಳ್ಳುತ್ತಾರೆ. ತೀರ್ಪುಗಾರರು ಒಬ್ಬರೇ ಕೂತು ಅಂಕ ಹಾಕುವುದೂ ಬೇಡ. ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ಉಳಿದವರು ಯಾರು, ಎಲ್ಲಿ, ಏಕೆ ಎಂದು ಪ್ರಶ್ನೆ ಹಾಕಲಿ. ಬರೆದವರು ವಾಕ್ಯದೊಳಗಿನಿಂದಲೇ ಉತ್ತರ ಕೊಡಲು ಸಾಧ್ಯವಾದರೆ ವಾಕ್ಯ ನಿಂತಿತು.

ಚೀಟಿ ಎತ್ತಿ ಸಾಕಾದವರಿಗೆ ಇನ್ನೊಂದು ಬಗೆಯಿದೆ. 1960ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ‘ಊಲಿಪೋ’ ಎಂಬ ಸಾಹಿತಿಗಳ ಬಳಗದವರ ವಿಧಾನ ಅದು. ಯಾವುದಾದರೂ ವಾಕ್ಯದ ಪ್ರತಿಯೊಂದು ನಾಮಪದವನ್ನು ತೆಗೆದು, ನಿಘಂಟಿನಲ್ಲಿ ಅದರ ನಂತರದ ಏಳನೆಯ ನಾಮಪದವನ್ನು ಆ ಜಾಗಕ್ಕೆ ಹಾಕುವುದು. ಕನ್ನಡದಲ್ಲಿ ಇದು ಅವರದಕ್ಕಿಂತ ಕಷ್ಟ, ಅದಕ್ಕೇ ಹೆಚ್ಚು ಉಪಯುಕ್ತ. “ಊರಿನ ಕೆರೆಯಲ್ಲಿ ಮೀನು ಹೆಚ್ಚಾಗಿದೆ” ಎಂಬಲ್ಲಿ ಊರು ಹೋಗಿ ಋಣ, ಕೆರೆ ಹೋಗಿ ಕೆಲಸ, ಮೀನು ಹೋಗಿ ಮೀಸೆ ಬಂತೆಂದಿಟ್ಟುಕೊಳ್ಳಿ. ‘ಊರಿನ’ ಇದ್ದದ್ದು ‘ಋಣದ’ ಆಗಬೇಕು, ‘ಕೆರೆಯಲ್ಲಿ’ ಇದ್ದದ್ದು ‘ಕೆಲಸದಲ್ಲಿ’ ಆಗಬೇಕು. ಮೀನಿನ ಜಾಗಕ್ಕೆ ಮನುಷ್ಯವಾಚಕ ಬಂದರೆ ‘ಹೆಚ್ಚಾಗಿದೆ’ ಹೋಗಿ ‘ಹೆಚ್ಚಾಗಿದ್ದಾರೆ’ ಆಗಬೇಕು. ಪದದ ಕೊನೆಯ ಸ್ವರ ನೋಡಿ ಪ್ರತ್ಯಯ ಹೇಗೆ ಬದಲಾಗುತ್ತದೆಂಬುದನ್ನು ಬೋರ್ಡಿನ ಮೇಲಿನ ವಿಭಕ್ತಿ ಕೋಷ್ಟಕಕ್ಕಿಂತ ಇದು ಚೆನ್ನಾಗಿ ಕಲಿಸುತ್ತದೆ. ಬರುವ ವಾಕ್ಯ ಅಸಂಬದ್ಧವಾಗಿರುತ್ತದೆ; ಆದ್ದರಿಂದ ಇದನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳಿ, ಮೊದಲಿಗೆ ಬೇಡ.

ತಮ್ಮ ಪತ್ರಿಕೆಗೆ ನಮ್ಮ ಮನವಿ ಇದು: ಭಾನುವಾರದ ಮಕ್ಕಳ ಪುಟದಲ್ಲಿ ವಾರಕ್ಕೆ ಐದು ಪದಗಳನ್ನು ಗುರುತು, ಅರ್ಥ ಸಮೇತ ಪ್ರಕಟಿಸಿ, ಬಂದ ವಾಕ್ಯಗಳಲ್ಲಿ ಒಳ್ಳೆಯ ಮೂರನ್ನು ಮುಂದಿನ ವಾರ ಅಚ್ಚು ಹಾಕಬೇಕು. ಪದಗಳನ್ನು ಕಚೇರಿಯಲ್ಲಿ ಚೀಟಿ ಎತ್ತಿಯೇ ತೆಗೆಯಬೇಕು. ಹಬ್ಬಕ್ಕೆ ಹಬ್ಬದ ಪದ, ಮಳೆಗೆ ಮಳೆಯ ಪದ ಎಂದು ಆರಿಸಲು ಹೋಗಬಾರದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಒಂದು ಸಂಕ್ಷಿಪ್ತ ನಿಘಂಟು ಮತ್ತು ಹತ್ತು ಚೀಟಿಗಳ ಒಂದು ಡಬ್ಬಿ ಮಕ್ಕಳ ಕೈಗೆಟಕುವ ಮೇಜಿನ ಮೇಲಿರಲಿ, ಬೀಗ ಹಾಕಿದ ಬೀರುವಿನಲ್ಲಿ ಬೇಡ. ರಾಜ್ಯೋತ್ಸವ ಮತ್ತು ಮಕ್ಕಳ ದಸರಾ ಸ್ಪರ್ಧೆಗಳನ್ನು ನಡೆಸುವವರು ಪದಗಳನ್ನು ವೇದಿಕೆಯ ಮೇಲೆಯೇ, ಎಲ್ಲರೆದುರು ಎತ್ತಲಿ. ಯಾರಿಗೋ ಮೊದಲೇ ಗೊತ್ತಿತ್ತೆಂಬ ದೂರಿಗೂ ಅಲ್ಲಿಗೆ ಜಾಗವಿರುವುದಿಲ್ಲ.

ಮೊದಲ ವಾರಕ್ಕೆ ಬೇಕಾದರೆ ಇದೇ ಕ್ರಮದಲ್ಲಿ ಎತ್ತಿದ ಐದು ಪದಗಳು ಇಲ್ಲಿವೆ. ಕೊಕ್ಕೆ (ನಾ): ತೂಗುಹಾಕಲು ಅಥವಾ ಎಳೆಯಲು ಬಳಸುವ, ತುದಿ ಬಾಗಿದ ಸಾಧನ. ಸಾಕ್ಷಿ (ನಾ): ಕಣ್ಣಾರೆ ಕಂಡವನು. ಬಾಡಿಗೆ (ನಾ): ಇನ್ನೊಬ್ಬರ ವಸ್ತುವನ್ನು ಬಳಸಿದ್ದಕ್ಕೆ ಕೊಡುವ ಹಣ. ಹಳಸು (ಕ್ರಿ): ಆಹಾರ ಕೆಡು. ಒರಟು (ಗು): ನಯವಿಲ್ಲದ. ಮಿತಿ 15 ಪದ, ಕೃದಂತ ಎರಡು, ‘ಮತ್ತು’ ಒಂದು.

ಇಂತಿ,
ಕನ್ನಡ ಬೋಧಿಸುವ ಕೆಲವು ಶಿಕ್ಷಕರು
ಸೋಮವಾರಪೇಟೆ ತಾಲ್ಲೂಕು, ಕೊಡಗು